ಬಟ್ಟೆ ಕದ್ದವಳನ್ನು ಆಸ್ಟ್ರೇಲಿಯಾಕ್ಕೆ ಏಕೆ ಸಾಗಿಸಿದರು?

ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಒಂದು ಬದಿಯಲ್ಲಿ ಕನ್ನಡಕ ಹಾಕಿಕೊಂಡು, ತಲೆಗೆ ಕುಲಾವಿ ಕಟ್ಟಿಕೊಂಡ ವಯಸ್ಸಾದ ಹೆಂಗಸೊಬ್ಬರ ಚಿತ್ರವಿದೆ. ಮಗನ ಮನೆಗೋ ಮಗಳ ಬಾಣಂತನಕ್ಕೋ ಸಿಡ್ನಿಗೆ ಹೋಗಿಬಂದವರ ಕೈಯಲ್ಲಿ ಈ ನೋಟು ಓಡಾಡಿರುತ್ತದೆ. ಚಿತ್ರದಲ್ಲಿರುವಾಕೆಯ ಹೆಸರು ಮೇರಿ ರೈಬಿ. ಸಿಡ್ನಿಯ ದೊಡ್ಡ ವ್ಯಾಪಾರಿ, ಹಡಗುಗಳ ಒಡತಿ. ಅದಕ್ಕೂ ಮೊದಲು ಆಕೆ ಕೈದಿ. 13ರ ವಯಸ್ಸಿನಲ್ಲಿ ಗಂಡುಹುಡುಗನ ವೇಷದಲ್ಲಿ ತಿರುಗುತ್ತ ಕುದುರೆ ಕದ್ದ ಆರೋಪದಲ್ಲಿ ಸಿಕ್ಕಿಬಿದ್ದು, ಇಂಗ್ಲೆಂಡಿನಿಂದ ಏಳು ವರ್ಷದ ಗಡೀಪಾರು ಶಿಕ್ಷೆಗೆ ಒಳಗಾಗಿ ಬಂದವಳು.

ಸಿಡ್ನಿಯಲ್ಲಿ ನಮ್ಮವರು ಹೆಚ್ಚು ಓಡಾಡುವ ಜಾಗಗಳಲ್ಲಿ ಹ್ಯಾರಿಸ್ ಪಾರ್ಕ್ ಒಂದು. ದೋಸೆ, ಚಾಟು, ಸೀರೆ ಅಂಗಡಿ ಎಲ್ಲ ಸಿಗುವ ಬಡಾವಣೆ. ಅದು ಪ್ಯಾರಮಾಟಾ ಪಟ್ಟಣಕ್ಕೆ ಅಂಟಿಕೊಂಡಿದೆ. ಅದೇ ಪ್ಯಾರಮಾಟಾದ ನದೀತೀರದಲ್ಲಿ ಹಳೆಯ ಕಲ್ಲುಕಟ್ಟಡಗಳ ಆವರಣವೊಂದಿದೆ, ಹೆಸರು ‘ಫೀಮೇಲ್ ಫ್ಯಾಕ್ಟರಿ’. ಹೆಸರು ನೋಡಿ ಗಾರ್ಮೆಂಟ್ಸ್ ಕಾರ್ಖಾನೆ ಎಂದುಕೊಳ್ಳುವವರೂ ಇದ್ದಾರೆ, ಅದು ಪೂರ್ತಿ ತಪ್ಪೂ ಅಲ್ಲ. ಹಡಗಿನಲ್ಲಿ ಸಾಗಿಸಿ ತಂದ ಮಹಿಳಾ ಕೈದಿಗಳನ್ನು ಇಟ್ಟು ನೂಲು ತೆಗೆಸುತ್ತಿದ್ದ ಜಾಗವದು.

1788ರಿಂದ 1868ರವರೆಗೆ ಬ್ರಿಟನ್ ಮತ್ತು ಐರ್ಲೆಂಡಿನಿಂದ ಸುಮಾರು 1,60,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಲಾಯಿತು. ಅವರಲ್ಲಿ ಹೆಂಗಸರು ಸುಮಾರು 25,000. ಹೆಚ್ಚಿನವರ ಅಪರಾಧ ಚಿಲ್ಲರೆ ಕಳ್ಳತನ. ಒಂದು ತುಂಡು ಬಟ್ಟೆ ಕದ್ದವಳನ್ನು ತಿಂಗಳುಗಟ್ಟಲೆ ಅನ್ನ ಹಾಕಿ, ವೈದ್ಯನನ್ನು ಜೊತೆಗಿಟ್ಟು, ಭೂಮಿಯ ಆ ತುದಿಗೆ ಒಯ್ದುಬಿಡುವ ಖರ್ಚು ಸರ್ಕಾರಕ್ಕೆ ಏಕೆ ಬೇಕಿತ್ತು? ಕೋರ್ಟಿನ ದಾಖಲೆಯಲ್ಲಿ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ. ಅರ್ಧ ಉತ್ತರ ವಸಾಹತಿನ ಲೆಕ್ಕಪುಸ್ತಕದಲ್ಲಿದೆ.

ಗಡೀಪಾರು ಎಂದರೆ ಇಲ್ಲಿ ಏನು

ನಮ್ಮಲ್ಲಿ ರೌಡಿಶೀಟರನ್ನು ಪಕ್ಕದ ಜಿಲ್ಲೆಗೆ ಗಡೀಪಾರು ಮಾಡುವುದನ್ನು ಪತ್ರಿಕೆಯಲ್ಲಿ ಓದುತ್ತೇವೆ. ಇದು ಅದಲ್ಲ. ಅಪರಾಧಿಯನ್ನು ಸಮುದ್ರ ದಾಟಿಸಿ, ಅಲ್ಲಿ ಇಷ್ಟು ವರ್ಷ ಸರ್ಕಾರ ಹೇಳಿದ ಕೆಲಸ ಮಾಡಿಕೊಂಡಿರಬೇಕು ಎನ್ನುವ ಶಿಕ್ಷೆ. ಅವಧಿ ಸಾಮಾನ್ಯವಾಗಿ ಏಳು ವರ್ಷ, 14 ವರ್ಷ, ಇಲ್ಲವೆ ಜೀವನಪರ್ಯಂತ. ಅವಧಿಗೆ ಮೊದಲೇ ಕದ್ದು ವಾಪಸಾದರೆ ನೇಣು. ಅವಧಿ ಮುಗಿದ ಮೇಲೆ ಊರಿಗೆ ಮರಳಬಹುದಿತ್ತು, ಆದರೆ ಹಡಗಿನ ಚಾರ್ಜು ತಾವೇ ಕೊಡಬೇಕು. ಗಂಡಸರು ಹಡಗಿನಲ್ಲಿ ನಾವಿಕರ ಕೆಲಸಕ್ಕೆ ಸೇರಿ ಹೇಗೋ ಮರಳಬಹುದು. ಹೆಂಗಸರಿಗೆ ಆ ದಾರಿಯೂ ಇರಲಿಲ್ಲ. ಹಾಗಾಗಿ ಹೆಣ್ಣಿಗೆ ಏಳು ವರ್ಷದ ಶಿಕ್ಷೆ ಎಂದರೂ ಬಹುಪಾಲು ಅದು ಜನ್ಮಕ್ಕೆ ಅಂಟಿದ ಶಿಕ್ಷೆಯೇ.

ಈ ಪದ್ಧತಿ ಆಸ್ಟ್ರೇಲಿಯಾದಿಂದ ಶುರುವಾದದ್ದಲ್ಲ. 1718ರ ಕಾಯ್ದೆಯೊಂದರ ಬಲದಿಂದ ಬ್ರಿಟನ್ ತನ್ನ ಕೈದಿಗಳನ್ನು ಅಮೆರಿಕದ ವಸಾಹತುಗಳಿಗೆ ಕಳಿಸುತ್ತಿತ್ತು. 1775ರಲ್ಲಿ ಅಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಗಿ ಆ ಬಾಗಿಲು ಮುಚ್ಚಿತು. ಜೈಲುಗಳು ತುಂಬಿದವು. ಹೆಚ್ಚಾದವರನ್ನು ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ ಹಳೆಯ ಹಡಗುಗಳಲ್ಲಿ ತುಂಬಿದರು, ಅವೂ ಸಾಲಲಿಲ್ಲ. ಹೊಸ ಜಾಗ ಹುಡುಕುತ್ತಿದ್ದ ಸರ್ಕಾರಕ್ಕೆ, 1770ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ನಕ್ಷೆ ಬರೆದುಕೊಂಡು ಬಂದಿದ್ದ ಆಸ್ಟ್ರೇಲಿಯಾದ ಪೂರ್ವ ಕರಾವಳಿ ಕಣ್ಣಿಗೆ ಬಿತ್ತು. ಅದು ಖಾಲಿ ಬಿದ್ದ ನೆಲವೇನೂ ಆಗಿರಲಿಲ್ಲ. ಸಿಡ್ನಿ ಕೊಲ್ಲಿಯ ಸುತ್ತ ಕ್ಯಾಡಿಗಲ್ ಜನ, ಪ್ಯಾರಮಾಟಾದ ಕಡೆ ಬರಮಟಗಲ್ ಜನ ಸಾವಿರಾರು ವರ್ಷಗಳಿಂದ ಬಾಳಿಕೊಂಡಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಏನು ಕದ್ದರೆ ಈ ಶಿಕ್ಷೆ?

18ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ನೇಣಿಗೆ ಹಾಕಬಹುದಾದ ಅಪರಾಧಗಳು 200ಕ್ಕೂ ಹೆಚ್ಚಿದ್ದವು. ಮನೆಯೊಳಗಿಂದ 40 ಶಿಲ್ಲಿಂಗ್ ಬೆಲೆಯ ಮಾಲು ಕದ್ದರೆ ಮರಣದಂಡನೆ. 20 ಶಿಲ್ಲಿಂಗ್ ಸೇರಿದರೆ ಒಂದು ಪೌಂಡು, ಅಂದರೆ ಎರಡು ಪೌಂಡಿಗೆ ಒಂದು ಜೀವ. ಕಾನೂನು ಇಷ್ಟು ಕ್ರೂರವಾಗಿದ್ದಾಗ ಅದನ್ನು ನಡೆಸುವವರೇ ಕಳ್ಳದಾರಿ ಹುಡುಕಿಕೊಂಡಿದ್ದರು. ಎಷ್ಟೋ ಪ್ರಕರಣಗಳಲ್ಲಿ ಜ್ಯೂರಿಗಳು ಕದ್ದ ಮಾಲಿನ ಬೆಲೆ ‘39 ಶಿಲ್ಲಿಂಗ್’ ಎಂದು ತೀರ್ಮಾನ ಕೊಟ್ಟದ್ದು ಕಾಣುತ್ತದೆ. ಬೆಲೆ ಸುಳ್ಳೆಂದು ಎಲ್ಲರಿಗೂ ಗೊತ್ತು, ಆದರೆ ನೇಣು ತಪ್ಪಿ ಗಡೀಪಾರಿನಲ್ಲಿ ಮುಗಿಯುತ್ತಿತ್ತು.

ಎಸ್ತರ್ ಏಬ್ರಹಾಮ್ಸ್ ಎಂಬ ಯಹೂದಿ ಹುಡುಗಿ ಕದ್ದದ್ದು 24 ಗಜ ಕಪ್ಪು ರೇಷ್ಮೆ ಲೇಸು, 1786ರಲ್ಲಿ. ಶಿಕ್ಷೆ ಏಳು ವರ್ಷ. ಮೇರಿ ವೇಡ್ ಎಂಬ ಚಿಕ್ಕ ಹುಡುಗಿ ಇನ್ನೊಬ್ಬಳ ಜೊತೆ ಸೇರಿ ಎಂಟು ವರ್ಷದ ಮಗುವೊಂದರ ಮೈಮೇಲಿನ ಫ್ರಾಕು, ಟೊಪ್ಪಿಗೆ, ಹೆಗಲುಬಟ್ಟೆ ಕಿತ್ತುಕೊಂಡಳು. 1789ರ ಜನವರಿಯಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟು ಇಬ್ಬರಿಗೂ ನೇಣು ವಿಧಿಸಿತು. ಅದೇ ಹೊತ್ತಿಗೆ ಬುದ್ಧಿಭ್ರಮಣೆಯಾಗಿದ್ದ ಮೂರನೆಯ ಜಾರ್ಜ್ ದೊರೆ ಮಾರ್ಚಿನಲ್ಲಿ ಗುಣಮುಖನಾದ. ಆ ಸಂತೋಷಕ್ಕೆ ನ್ಯೂಗೇಟ್ ಜೈಲಿನಲ್ಲಿ ಮರಣದಂಡನೆಗೆ ಕಾಯುತ್ತಿದ್ದ ಹೆಂಗಸರ ಶಿಕ್ಷೆ ಗಡೀಪಾರಿಗೆ ಇಳಿಯಿತು.

ಇಲ್ಲೊಂದು ಸೋಜಿಗದ ಸಂಗತಿ ನಡೆಯಿತು. ಹೀಗೆ ಕ್ಷಮೆ ಸಿಕ್ಕ ಹೆಂಗಸರಲ್ಲಿ ಕೆಲವರು ಕೋರ್ಟಿನಲ್ಲಿ ನಿಂತು ‘ನಮಗೆ ಈ ಕ್ಷಮೆ ಬೇಡ’ ಅಂದುಬಿಟ್ಟರು. ಗೊತ್ತಿಲ್ಲದ ದೇಶಕ್ಕೆ ಹೋಗುವುದಕ್ಕಿಂತ ನೇಣೇ ವಾಸಿ ಎಂಬುದು ಅವರ ವಾದ. ನ್ಯಾಯಾಧೀಶರು ಕಂಗಾಲಾದರು. ರಾಜನ ದಯೆಯನ್ನು ಬೇಡವೆನ್ನುವವರನ್ನು ಏನು ಮಾಡುವುದು? ಒಂಟಿ ಕೋಣೆಗೆ ತಳ್ಳಿ, ಒಲಿಸಿ, ಬೆದರಿಸಿ, ಕೊನೆಗೆ ಒಪ್ಪಿಸಿದರು.

ವೇಶ್ಯೆಯರನ್ನೆಲ್ಲ ಹಿಡಿದು ಆಸ್ಟ್ರೇಲಿಯಾಕ್ಕೆ ಕಳಿಸಿದರು ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಅಂದಿನ ಕಾನೂನಿನಲ್ಲಿ ವೇಶ್ಯಾವೃತ್ತಿಗೆ ಗಡೀಪಾರು ಶಿಕ್ಷೆಯೇ ಇರಲಿಲ್ಲ. ದಾಖಲೆಗಳಲ್ಲಿ ಅತಿ ಹೆಚ್ಚು ಕಾಣುವ ಕಸುಬು ಮನೆಗೆಲಸ. ಇಪ್ಪತ್ತರ ಹರೆಯದ ಕೆಲಸದಾಕೆ, ಯಜಮಾನಿಯ ಮನೆಯ ಚಮಚವೋ ಬಟ್ಟೆಯೋ ಗಿರವಿ ಅಂಗಡಿ ಸೇರಿದ್ದು, ಅಲ್ಲಿ ಸಿಕ್ಕಿಬಿದ್ದದ್ದು: ಸಾವಿರಾರು ಪ್ರಕರಣಗಳ ಸಾರ ಇಷ್ಟೇ. ಕೆಟ್ಟ ಹೆಸರು ಬಂದದ್ದು ಹಡಗಿನ ಅಧಿಕಾರಿಗಳ ದಿನಚರಿಗಳಿಂದ. ಅವರು ಮದುವೆಯಾಗದೆ ಒಬ್ಬನ ಜೊತೆ ಬಾಳುವವಳನ್ನೂ ವೇಶ್ಯೆ ಎಂದೇ ಬರೆದುಕೊಳ್ಳುತ್ತಿದ್ದರು.

ಹೆಂಗಸರೇ ಏಕೆ ಬೇಕಾದರು?

1787ರ ಮೇ 13ರಂದು ಮೊದಲ ಹಡಗುಪಡೆ ಇಂಗ್ಲೆಂಡ್ ಬಿಟ್ಟಿತು. 11 ಹಡಗು, ಸುಮಾರು 750 ಕೈದಿಗಳು. ಹೆಂಗಸರು ಅದರಲ್ಲಿ ನಾಲ್ಕನೆಯ ಒಂದು ಭಾಗದಷ್ಟು. ಕಾಡು ಕಡಿದು, ನೆಲ ಅಗೆದು ಊರು ಕಟ್ಟಬೇಕಾದ ಜಾಗಕ್ಕೆ ಸರ್ಕಾರ ಬರೀ ಗಂಡಸರನ್ನು ಕಳಿಸಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಉದ್ದೇಶ ಜೈಲಷ್ಟೇ ಅಲ್ಲ, ವಸಾಹತು. ಶಿಕ್ಷೆ ಮುಗಿದವರು ಅಲ್ಲೇ ನೆಲೆನಿಂತು, ಮಕ್ಕಳು ಮರಿ ಆಗಿ, ಹೊಲ ಮಾಡಿಕೊಂಡಿರಬೇಕು. ಅದಕ್ಕೆ ಹೆಂಗಸರು ಬೇಕು. ಗವರ್ನರ್ ಆರ್ಥರ್ ಫಿಲಿಪ್‌ಗೆ ಕೊಟ್ಟ ಸರ್ಕಾರಿ ಆದೇಶಪತ್ರ ಇದನ್ನು ಮುಚ್ಚಿಡುವುದೂ ಇಲ್ಲ. ಹೆಂಗಸರ ಕೊರತೆ ಬಿದ್ದರೆ ಪೆಸಿಫಿಕ್ ದ್ವೀಪಗಳಿಂದ ಹೆಂಗಸರನ್ನು ಕರೆತರಬಹುದು ಎಂಬ ಸೂಚನೆ ಅದರಲ್ಲಿತ್ತು. ಫಿಲಿಪ್ ಆ ಕೆಲಸಕ್ಕೆ ಕೈಹಾಕಲಿಲ್ಲ.

ಹೀಗಾಗಿ ಮಹಿಳಾ ಕೈದಿಯ ಮೇಲೆ ಎರಡು ಹೊರೆ. ಕೋರ್ಟಿನ ಲೆಕ್ಕದಲ್ಲಿ ಆಕೆ ಶಿಕ್ಷೆ ಅನುಭವಿಸುವ ಕಳ್ಳಿ. ವಸಾಹತಿನ ಲೆಕ್ಕದಲ್ಲಿ ಬಟ್ಟೆ ಒಗೆಯುವವಳು, ನೂಲುವವಳು, ಹೆಂಡತಿ, ತಾಯಿ. ಎರಡನೆಯದನ್ನು ಯಾವ ನ್ಯಾಯಾಧೀಶನೂ ತೀರ್ಪಿನಲ್ಲಿ ಬರೆದಿರಲಿಲ್ಲ.

ಅಷ್ಟು ಬೇಕಾದವರೆಂದು ಅವರನ್ನು ಚೆನ್ನಾಗಿ ನೋಡಿಕೊಂಡರೇ? ಅದೂ ಇಲ್ಲ. ‘ಲೇಡಿ ಪೆನ್ರಿನ್’ ಹಡಗಿಗೆ ಜೈಲಿನಿಂದ ಬಂದ ಹೆಂಗಸರು ಅರೆಬೆತ್ತಲೆಯಾಗಿ, ಕೊಳೆಯಲ್ಲಿ ಮುಳುಗಿದ್ದರೆಂದು ಫಿಲಿಪ್ ಸಿಟ್ಟಿನಿಂದ ಬರೆದ ಪತ್ರ ಉಳಿದಿದೆ. ಅವರಿಗೆಂದು ಹೊಲಿಸಿದ ಬಟ್ಟೆಗಳು ಗಡಿಬಿಡಿಯಲ್ಲಿ ಇಂಗ್ಲೆಂಡಿನಲ್ಲೇ ಉಳಿದವು. ದಾರಿಯಲ್ಲಿ ಕೇಪ್ ಟೌನಿನಲ್ಲಿ ಕುರಿಗಳನ್ನು ಹತ್ತಿಸಿಕೊಳ್ಳಬೇಕಾಯಿತು. ‘ಫ್ರೆಂಡ್‌ಶಿಪ್’ ಹಡಗಿನಲ್ಲಿದ್ದ ಹೆಂಗಸರನ್ನು ಬೇರೆ ಹಡಗುಗಳಿಗೆ ದಾಟಿಸಿ ಆ ಜಾಗದಲ್ಲಿ ಕುರಿ ಕಟ್ಟಿದರು. ಈ ಹೆಂಗಸರಿಗಿಂತ ಕುರಿಗಳ ಸಹವಾಸ ಹಿತವಾಗಿರುತ್ತದೆ ಎಂಬರ್ಥದ ಮಾತನ್ನು ಆ ಹಡಗಿನ ಅಧಿಕಾರಿ ರಾಲ್ಫ್ ಕ್ಲಾರ್ಕ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ನಾರ್ವಿಚ್ ಜೈಲಿನಲ್ಲಿ ಹುಟ್ಟಿದ ಕೂಸು

ಸುಸಾನಾ ಹೋಮ್ಸ್ ಮನೆಗಳ್ಳತನದಲ್ಲಿ ಸಿಕ್ಕಿಬಿದ್ದು, 1784ರಲ್ಲಿ ನೇಣು ಶಿಕ್ಷೆಯಾಗಿ, ಅದು 14 ವರ್ಷದ ಗಡೀಪಾರಿಗೆ ಇಳಿದು ನಾರ್ವಿಚ್ ಕೋಟೆಯ ಜೈಲು ಸೇರಿದಳು. ಅದೇ ಜೈಲಿನಲ್ಲಿ ಹೆನ್ರಿ ಕೇಬಲ್ ಇದ್ದ. ಅಪ್ಪ-ಮಗ ಇಬ್ಬರಿಗೂ ನೇಣು ವಿಧಿಸಿದ್ದರು. ಅಪ್ಪನನ್ನು ಗಲ್ಲಿಗೇರಿಸಿ, ಚಿಕ್ಕವನೆಂದು ಮಗನನ್ನು ಉಳಿಸಿದ್ದರು. ಸುಸಾನಾ, ಹೆನ್ರಿ ಇಬ್ಬರಿಗೂ ಜೈಲಿನಲ್ಲೇ ಪ್ರೀತಿಯಾಗಿ 1786ರಲ್ಲಿ ಗಂಡುಮಗು ಹುಟ್ಟಿತು. ಮದುವೆಗೆ ಅನುಮತಿ ಕೇಳಿದರು, ಸಿಗಲಿಲ್ಲ.

ಆ ವರ್ಷದ ಕೊನೆಗೆ ಮೊದಲ ಹಡಗುಪಡೆಗೆ ಸುಸಾನಾಳನ್ನು ಆರಿಸಿದರು. ಜೈಲಿನ ಕಾವಲುಗಾರ ಜಾನ್ ಸಿಂಪ್ಸನ್ ಆಕೆಯನ್ನೂ ಮೊಲೆಹಾಲು ಕುಡಿಯುವ ಕೂಸನ್ನೂ ಪ್ಲಿಮತ್ ಬಂದರಿಗೆ ಕರೆದೊಯ್ದ. ಅಲ್ಲಿನ ಕೈದಿಹಡಗಿನ ಕ್ಯಾಪ್ಟನ್ ‘ಆದೇಶದಲ್ಲಿ ತಾಯಿಯ ಹೆಸರು ಮಾತ್ರ ಇದೆ, ಮಗುವಿನ ಹೆಸರಿಲ್ಲ’ ಎಂದು ಮಗುವನ್ನು ಹತ್ತಿಸಿಕೊಳ್ಳಲಿಲ್ಲ. ತಾಯಿಯನ್ನು ಒಳಗೆ ಎಳೆದುಕೊಂಡರು, ಕೂಸು ಸಿಂಪ್ಸನ್ನನ ಕೈಯಲ್ಲಿ ಉಳಿಯಿತು.

ಕಾವಲುಗಾರ ಆ ಕೂಸನ್ನು ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಮನೆಗೆ ಹೋಗಬಹುದಿತ್ತು. ಆತ ಚಳಿಗಾಲದಲ್ಲಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ಕುದುರೆ ಕೋಚು ಹತ್ತಿ ಲಂಡನ್ನಿಗೆ ಹೋದ. ಗೃಹ ಸಚಿವ ಲಾರ್ಡ್ ಸಿಡ್ನಿಯ ಮನೆ ಬಾಗಿಲಲ್ಲಿ ಕಾದು, ಅವರ ಕೈಯಿಂದ ಆದೇಶ ಬರೆಸಿಕೊಂಡ: ಮಗು ತಾಯಿಯ ಜೊತೆ ಹೋಗಲಿ, ತಂದೆಯೂ ಅದೇ ಪಡೆಯಲ್ಲಿ ಹೋಗಲಿ. ಸುದ್ದಿ ಪತ್ರಿಕೆಗಳಲ್ಲಿ ಬಂದು, ಮರುಗಿದ ಜನ 20 ಪೌಂಡು ಒಟ್ಟುಮಾಡಿ ಆ ಕುಟುಂಬಕ್ಕೆ ಬಟ್ಟೆಬರೆ, ಪುಸ್ತಕ ಕೊಂಡು ‘ಅಲೆಕ್ಸಾಂಡರ್’ ಹಡಗಿನಲ್ಲಿ ಗಂಟು ಇರಿಸಿದರು.

1788ರ ಜನವರಿ 26ರಂದು ಹಡಗುಪಡೆ ಸಿಡ್ನಿ ಕೊಲ್ಲಿಯಲ್ಲಿ ಬೀಡುಬಿಟ್ಟಿತು. ನಮ್ಮ ಗಣರಾಜ್ಯೋತ್ಸವದ ದಿನವೇ ಅವರಿಗೆ ‘ಆಸ್ಟ್ರೇಲಿಯಾ ದಿನ’ ಆಗಿರುವುದು, ಮೂಲನಿವಾಸಿಗಳು ಅದನ್ನು ಶೋಕದ ದಿನ ಎನ್ನುವುದು ಈ ಕಾರಣಕ್ಕೆ. ಹೆಚ್ಚಿನ ಹೆಂಗಸರನ್ನು ದಡಕ್ಕೆ ಇಳಿಸಿದ್ದು ಫೆಬ್ರುವರಿ 6ರಂದು. ಅದಾಗಿ ನಾಲ್ಕು ದಿನಕ್ಕೆ ಸುಸಾನಾ ಮತ್ತು ಹೆನ್ರಿಯ ಮದುವೆಯಾಯಿತು.

ಇಂಗ್ಲೆಂಡಿನ ಜನ ಕಳಿಸಿದ ಗಂಟು ಮಾತ್ರ ನಾಪತ್ತೆ. ಪುಸ್ತಕಗಳಷ್ಟೇ ಕೈಸೇರಿದವು. ಗಂಡ-ಹೆಂಡತಿ ಹಡಗಿನ ಕ್ಯಾಪ್ಟನ್ ಡಂಕನ್ ಸಿಂಕ್ಲೇರ್ ಮೇಲೆ ದಾವೆ ಹಾಕಿದರು. ಮರಣದಂಡನೆಗೆ ಗುರಿಯಾದವರು ಇಂಗ್ಲಿಷ್ ಕಾನೂನಿನ ಪ್ರಕಾರ ಸತ್ತವರ ಲೆಕ್ಕ. ಆಸ್ತಿ ಇಟ್ಟುಕೊಳ್ಳುವಂತಿಲ್ಲ, ಕೋರ್ಟಿಗೆ ಹೋಗುವಂತಿಲ್ಲ. ಆದರೂ ಹೊಸ ವಸಾಹತಿನ ಕೋರ್ಟು 1788ರ ಜುಲೈನಲ್ಲಿ ಈ ದಾವೆ ಕೇಳಿ, ಕ್ಯಾಪ್ಟನ್ 15 ಪೌಂಡು ಕೊಡಬೇಕೆಂದು ತೀರ್ಪು ಕೊಟ್ಟಿತು. ಆ ನೆಲದಲ್ಲಿ ನಡೆದ ಮೊಟ್ಟಮೊದಲ ಸಿವಿಲ್ ದಾವೆ ಇದು. ಹೂಡಿದವರು ಇಬ್ಬರು ಕೈದಿಗಳು, ಸೋತವನು ಅವರನ್ನು ಸಾಗಿಸಿದ ಪಡೆಯ ಕ್ಯಾಪ್ಟನ್.

ಹಡಗಿನೊಳಗೆ

ಮೊದಲ ಪಡೆಗೆ ಎಂಟು ತಿಂಗಳು ಹಿಡಿದಿತ್ತು. ಮೇರಿ ವೇಡ್ ಇದ್ದ ‘ಲೇಡಿ ಜೂಲಿಯಾನಾ’ಕ್ಕೆ ಸುಮಾರು ಹತ್ತು ತಿಂಗಳು. ಬರೀ ಮಹಿಳಾ ಕೈದಿಗಳ ಆ ಹಡಗು 1790ರ ಜೂನ್ 3ರಂದು ಸಿಡ್ನಿ ಮುಟ್ಟಿದಾಗ ವಸಾಹತು ಹಸಿವಿನಿಂದ ಬಸವಳಿದಿತ್ತು. ಎರಡೂವರೆ ವರ್ಷದಲ್ಲಿ ಇಂಗ್ಲೆಂಡಿನಿಂದ ಬಂದ ಮೊದಲ ಹಡಗು ಎಂದು ಎಲ್ಲರೂ ಓಡಿಬಂದರು. ಹಿಟ್ಟು ಬರುತ್ತದೆ ಎಂದುಕೊಂಡವರಿಗೆ ಕಂಡದ್ದು ಇನ್ನೂರಕ್ಕೂ ಹೆಚ್ಚು ಹೆಂಗಸರು, ಇನ್ನೂರು ಹೊಸ ಹೊಟ್ಟೆಗಳು. ಧಾನ್ಯ ತರುತ್ತಿದ್ದ ‘ಗಾರ್ಡಿಯನ್’ ಹಡಗು ಹಿಮಬಂಡೆಗೆ ಬಡಿದು ಅರ್ಧದಾರಿಯಲ್ಲೇ ನಿಂತಿತ್ತು.

ಅದರ ಬೆನ್ನಿಗೇ ಬಂದ ಮೂರು ಹಡಗುಗಳಲ್ಲಿ ಕಾಲುಭಾಗದಷ್ಟು ಕೈದಿಗಳು ದಾರಿಯಲ್ಲಿ ಸತ್ತಿದ್ದರು. ಕಾರಣ ಸರಳ: ಗುತ್ತಿಗೆದಾರರಿಗೆ ಹಣ ಕೊಟ್ಟದ್ದು ಹತ್ತಿದ ತಲೆಗಳ ಲೆಕ್ಕದಲ್ಲಿ, ಜೀವಂತ ಇಳಿದ ತಲೆಗಳ ಲೆಕ್ಕದಲ್ಲಲ್ಲ. ಮುಂದೆ ನಿಯಮ ಬದಲಾಯಿತು. 1815ರ ನಂತರ ಪ್ರತಿ ಕೈದಿಹಡಗಿನಲ್ಲಿ ನೌಕಾಪಡೆಯ ವೈದ್ಯನೊಬ್ಬ ಮೇಲ್ವಿಚಾರಕನಾಗಿ ಬಂದ. ಆತ ಕ್ಯಾಪ್ಟನ್ನನ ಆಳಲ್ಲ, ಸರ್ಕಾರದ ಪ್ರತಿನಿಧಿ. ಸಾವುಗಳು ಬಹಳ ಇಳಿದವು.

ಎಲಿಜಬೆತ್ ಫ್ರೈ ಎಂಬ ಕ್ವೇಕರ್ ಪಂಥದ ಹೆಂಗಸು ನ್ಯೂಗೇಟ್ ಜೈಲಿನ ಮಹಿಳಾ ವಿಭಾಗಕ್ಕೆ ಮೊದಲು ಕಾಲಿಟ್ಟದ್ದು 1813ರಲ್ಲಿ. ಆಗ ಕೈದಿಗಳನ್ನು ತೆರೆದ ಗಾಡಿಗಳಲ್ಲಿ, ಬೇಡಿ ಹಾಕಿ, ಬೀದಿಯ ಜನ ಕಲ್ಲು-ಕೆಸರು ಎಸೆಯುವ ನಡುವೆ ಬಂದರಿಗೆ ಒಯ್ಯುತ್ತಿದ್ದರು. ಫ್ರೈ ಹಟಹಿಡಿದು ಮುಚ್ಚಿದ ಗಾಡಿ ಮಾಡಿಸಿದರು. ಆಮೇಲೆ ಅವರ ಸಂಘ ಪ್ರತಿ ಹೆಂಗಸಿಗೂ ಒಂದು ಚೀಲ ಕೊಡತೊಡಗಿತು. ಅದರಲ್ಲಿ ಬೈಬಲ್, ಏಪ್ರನ್, ಸೂಜಿ, ದಾರ, ಕತ್ತರಿ, ಬೆರಳ ಟೋಪಿ, ಮತ್ತೆ ಒಂದಷ್ಟು ಚಿಂದಿ ಬಟ್ಟೆ. ತಿಂಗಳುಗಟ್ಟಲೆ ಸುಮ್ಮನೆ ಕೂರುವ ಬದಲು ಕೌದಿ ಹೊಲಿಯಲಿ, ಇಳಿದ ಮೇಲೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳಲಿ ಎಂಬ ಯೋಚನೆ.

ಹಾಗೆ ಹೊಲಿದವುಗಳಲ್ಲಿ ಒಂದು ಕೌದಿ ಈಗಲೂ ಇದೆ. 1841ರ ಏಪ್ರಿಲಿನಲ್ಲಿ 180 ಮಹಿಳಾ ಕೈದಿಗಳೊಂದಿಗೆ ಹೊರಟ ‘ರಾಜಾ’ ಹೆಸರಿನ ಹಡಗು ಜುಲೈನಲ್ಲಿ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ತಲುಪಿತು. ಆ ಮೂರು ತಿಂಗಳಲ್ಲಿ ಕೆಲವರು ಸೇರಿ 2,815 ತುಂಡು ಬಟ್ಟೆ ಜೋಡಿಸಿ, ಉದ್ದಗಲ ಎರಡೂ ಮೂರು ಮೀಟರ್ ಮೀರಿದ ಕೌದಿ ಹೊಲಿದರು. ಮಧ್ಯದಲ್ಲಿ ಹೂವು, ಹಕ್ಕಿ, ಅಂಚಿನಲ್ಲಿ ಸಂಘದ ಹೆಂಗಸರಿಗೆ ಕೃತಜ್ಞತೆಯ ಸಾಲುಗಳು. ಕೆಲವು ಹೊಲಿಗೆ ಸಣ್ಣಗೆ ನೇರವಾಗಿವೆ. ಕೆಲವು ಸೂಜಿ ಹಿಡಿದು ಅಭ್ಯಾಸವಿಲ್ಲದ ಕೈಯದೆಂದು ನೋಡಿದರೇ ಗೊತ್ತಾಗುತ್ತದೆ. ಎಲ್ಲೋ ಮರೆಯಾಗಿದ್ದ ಈ ಕೌದಿ 1989ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದ ಮನೆಯೊಂದರ ಅಟ್ಟದಲ್ಲಿ ಸಿಕ್ಕಿ, ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ.

ಎಲ್ಲ ಹಡಗುಗಳೂ ತಲುಪಲಿಲ್ಲ. 1833ರ ಆಗಸ್ಟ್ ಕೊನೆಯಲ್ಲಿ ‘ಆಂಫಿಟ್ರೈಟ್’ ಫ್ರಾನ್ಸಿನ ಬೂಲೋನ್ ತೀರದಲ್ಲಿ ಮರಳಿಗೆ ಸಿಕ್ಕಿತು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ಅಲ್ಲಿಂದ ಸಹಾಯಕ್ಕೆ ಬಂದವರನ್ನು ಕ್ಯಾಪ್ಟನ್ ವಾಪಸು ಕಳಿಸಿದ. ಕೈದಿಗಳು ತಪ್ಪಿಸಿಕೊಂಡರೆ ತನ್ನ ತಲೆಗೆ ಬರುತ್ತದೆಂಬ ಭಯ ಆತನಿಗಿತ್ತೆಂದು ಅಂದು ಎಲ್ಲೆಡೆ ಮಾತಾಯಿತು. ರಾತ್ರಿ ಹಡಗು ಒಡೆಯಿತು. ನೂರಕ್ಕೂ ಹೆಚ್ಚು ಹೆಂಗಸರು, ಅವರ ಮಕ್ಕಳು ಎಲ್ಲರೂ ಸತ್ತರು. ಬದುಕಿದವರು ಮೂವರು, ಮೂವರೂ ಹಡಗಿನ ಸಿಬ್ಬಂದಿ.

ಇಳಿದ ಮೇಲೆ: ಮನೆಗೆಲಸ, ಫ್ಯಾಕ್ಟರಿ, ಮದುವೆ

ಕೈದಿ ವಸಾಹತು ಎಂದರೆ ಎತ್ತರದ ಗೋಡೆಯ ಜೈಲು ಕಣ್ಣಿಗೆ ಬರುತ್ತದೆ. ಅಲ್ಲಿ ಹಾಗಿರಲಿಲ್ಲ. ಇಳಿದ ಹೆಂಗಸರಲ್ಲಿ ಹೆಚ್ಚಿನವರನ್ನು ವಲಸಿಗರ ಮನೆಗೆಲಸಕ್ಕೆ ಹಂಚುತ್ತಿದ್ದರು. ಊಟ, ಬಟ್ಟೆ, ಮಲಗಲು ಜಾಗ ಯಜಮಾನನದು. ಬಿಟ್ಟುಹೋಗುವ ಹಕ್ಕಿಲ್ಲ. ಜೀತ ಎಂದರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಇದಕ್ಕೊಂದು ಕೊನೆಯ ತಾರೀಕು ಇತ್ತು, ಮತ್ತು ಯಜಮಾನ ತಾನೇ ಹೊಡೆಯುವಂತಿರಲಿಲ್ಲ, ಮ್ಯಾಜಿಸ್ಟ್ರೇಟ್ ಬಳಿ ದೂರು ಕೊಡಬೇಕಿತ್ತು. ಮನೆ ಒಳ್ಳೆಯದಾದರೆ ಬದುಕು, ಕೆಟ್ಟದಾದರೆ ನರಕ. ಬೇರೆ ಮನೆ ಕೇಳುವ ಸುಲಭದ ದಾರಿ ತಪ್ಪು ಮಾಡಿ ಫ್ಯಾಕ್ಟರಿಗೆ ವಾಪಸು ಹೋಗುವುದು. ಅದನ್ನು ಉಪಾಯವಾಗಿ ಬಳಸಿಕೊಂಡವರೂ ಇದ್ದರು.

ಪ್ಯಾರಮಾಟಾದ ದೊಡ್ಡ ಕಟ್ಟಡ ಬಳಕೆಗೆ ಬಂದದ್ದು 1821ರಲ್ಲಿ. ನಕ್ಷೆ ಮಾಡಿದ ಫ್ರಾನ್ಸಿಸ್ ಗ್ರೀನ್‌ವೇ ಕೂಡ ಖೋಟಾ ದಾಖಲೆ ಮಾಡಿ ಗಡೀಪಾರಾಗಿ ಬಂದವನೇ. ಒಂದೇ ಸೂರಿನಡಿ ಅದು ಜೈಲು, ನೂಲು-ನೇಯ್ಗೆಯ ಕಾರ್ಖಾನೆ, ಹೆರಿಗೆ ಆಸ್ಪತ್ರೆ, ಕೆಲಸದಾಳು ಹಂಚುವ ಕಚೇರಿ, ವಧೂವರ ಕೇಂದ್ರ ಎಲ್ಲವೂ. ಒಳಗಿದ್ದವರನ್ನು ಮೂರು ದರ್ಜೆ ಮಾಡಿದ್ದರು. ಮೊದಲನೆಯವರು ಕೆಲಸಕ್ಕೆ, ಮದುವೆಗೆ ಹೋಗಬಹುದು. ಮೂರನೆಯದು ಶಿಕ್ಷೆಯ ದರ್ಜೆ. ಅಲ್ಲಿ ತಲೆಗೂದಲು ಕತ್ತರಿಸುವುದೇ ಹೆಂಗಸರಿಗೆ ಎಲ್ಲಕ್ಕಿಂತ ಹೆಚ್ಚು ರೊಚ್ಚೆಬ್ಬಿಸಿದ ಶಿಕ್ಷೆ ಎಂದು ಅಧಿಕಾರಿಗಳೇ ಮತ್ತೆ ಮತ್ತೆ ಬರೆದಿದ್ದಾರೆ.

1828ರ ಜನಗಣತಿಯ ಹೊತ್ತಿಗೂ ನ್ಯೂ ಸೌತ್ ವೇಲ್ಸ್ ವಸಾಹತಿನಲ್ಲಿ ಹೆಣ್ಣೊಬ್ಬಳಿಗೆ ಮೂವರು ಗಂಡಸರ ಲೆಕ್ಕವಿತ್ತು. ಹೆಂಡತಿ ಬೇಕಾದವನು ಪಾದ್ರಿಯ ಚೀಟಿ ತರಬೇಕು. ಮದುವೆಗೆ ಒಪ್ಪಿದ ಹೆಂಗಸರು ಸಾಲಾಗಿ ನಿಲ್ಲುತ್ತಾರೆ, ಆತ ನೋಡುತ್ತ ನಡೆದು ತನಗೆ ಹಿಡಿಸಿದವಳ ಮುಂದೆ ಕರವಸ್ತ್ರ ಬೀಳಿಸುತ್ತಾನೆ, ಆಕೆ ಎತ್ತಿಕೊಂಡರೆ ಒಪ್ಪಿಗೆ. ಅಂದಿನ ಬರಹಗಳು ಹೀಗೆ ವರ್ಣಿಸುತ್ತವೆ. ಆಕೆ ಎತ್ತಿಕೊಳ್ಳದೆಯೂ ಇರಬಹುದಿತ್ತು ಎಂಬುದನ್ನು ಮರೆಯಬಾರದು. ಮದುವೆ ಆಕೆಗೆ ಫ್ಯಾಕ್ಟರಿಯಿಂದ ಹೊರಬರುವ ಬಾಗಿಲು, ಸರ್ಕಾರಕ್ಕೆ ಒಂದು ಊಟದ ಖರ್ಚು ಕಡಿಮೆ.

ಹೆಂಗಸರು ತಲೆಬಾಗಿಕೊಂಡೇ ಇದ್ದರು ಎಂದುಕೊಂಡರೆ 1827ರ ಅಕ್ಟೋಬರ್ ನೆನೆಯಬೇಕು. ಪ್ಯಾರಮಾಟಾದಲ್ಲಿ ಬ್ರೆಡ್ಡು, ಸಕ್ಕರೆಯ ಪಡಿ ಕಡಿತ ಮಾಡಿದರು. ಹೆಂಗಸರು ಬಾಗಿಲು ಮುರಿದು ಪೇಟೆಗೆ ನುಗ್ಗಿ ಬೇಕರಿ, ಮಾಂಸದಂಗಡಿ ದೋಚಿದರು. ಸೈನಿಕರು ಅಟ್ಟಿಕೊಂಡು ಹಿಡಿದು ತಂದಾಗ ಉಡಿ ತುಂಬ ಬ್ರೆಡ್ಡು ಕಟ್ಟಿಕೊಂಡೇ ವಾಪಸಾದರು.

ಇಂದಿನ ಟಾಸ್ಮೇನಿಯಾಕ್ಕೆ ಆಗ ವ್ಯಾನ್ ಡೀಮನ್ಸ್ ಲ್ಯಾಂಡ್ ಎಂಬ ಹೆಸರು. ಒಟ್ಟು ಮಹಿಳಾ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ಬಂದದ್ದು ಇಲ್ಲಿಗೆ. ಹೋಬಾರ್ಟ್ ಹೊರವಲಯದ ಕ್ಯಾಸ್ಕೇಡ್ಸ್ ಫ್ಯಾಕ್ಟರಿಯನ್ನು 1828ರಲ್ಲಿ ಹಳೆಯ ಸಾರಾಯಿ ಭಟ್ಟಿಯ ಜಾಗದಲ್ಲಿ ಮಾಡಿದರು. ಬೆಟ್ಟದ ಬುಡ, ತೊರೆಯ ಪಕ್ಕ, ಚಳಿಗಾಲದಲ್ಲಿ ಬಿಸಿಲು ಬೀಳದ ತೇವದ ತಗ್ಗು. ಮನೆಗೆಲಸದಲ್ಲಿದ್ದಾಗ ಬಸುರಾದವಳನ್ನು ಇಲ್ಲಿಗೆ ಕಳಿಸುತ್ತಿದ್ದರು, ಬಸಿರಿಗೆ ಕಾರಣ ಯಜಮಾನನೇ ಇರಲಿ, ಇನ್ನಾರೇ ಇರಲಿ. ಹೆತ್ತು ಕೆಲವು ತಿಂಗಳು ಹಾಲೂಡಿಸಿದ ಮೇಲೆ ಮಗುವನ್ನು ಬಿಡಿಸಿ ತಾಯಿಯನ್ನು ಶಿಕ್ಷೆಯ ದರ್ಜೆಗೆ ತಳ್ಳುತ್ತಿದ್ದರು. ಬದುಕುಳಿದ ಮಕ್ಕಳು ಎರಡು-ಮೂರು ವರ್ಷಕ್ಕೆ ಅನಾಥಶಾಲೆಗೆ. ಕೂಸುಗಳು ಎಷ್ಟು ಸಾಯತೊಡಗಿದವೆಂದರೆ 1838ರಲ್ಲಿ ವಿಚಾರಣೆ ನಡೆದು, ಎಳೆಮಕ್ಕಳನ್ನು ಪೇಟೆಯ ಬೇರೆ ಕಟ್ಟಡಕ್ಕೆ ಸಾಗಿಸಬೇಕಾಯಿತು.

ಬಿಡುಗಡೆ ಮತ್ತು ಆಮೇಲೆ

ನಡತೆ ಚೆನ್ನಾಗಿದ್ದರೆ ಅವಧಿಗೆ ಮೊದಲೇ ‘ರಜಾ ಚೀಟಿ’ ಸಿಗುತ್ತಿತ್ತು. ಗೊತ್ತುಮಾಡಿದ ಜಿಲ್ಲೆಯೊಳಗೆ ತನಗೆ ಬೇಕಾದವರ ಬಳಿ ಕೂಲಿಗೆ ದುಡಿಯಬಹುದು. ಅವಧಿ ಮುಗಿದಾಗ ಬಿಡುಗಡೆ ಪತ್ರ. ನಂತರ ಜಮೀನು, ಅಂಗಡಿ, ವ್ಯಾಪಾರ ಯಾವುದಕ್ಕೂ ಅಡ್ಡಿಯಿಲ್ಲ. ಮೇರಿ ರೈಬಿ ಬೆಳೆದದ್ದು ಹೀಗೆ. 1811ರಲ್ಲಿ ಗಂಡ ತೀರಿಕೊಂಡಾಗ ಏಳು ಮಕ್ಕಳು, ಹಡಗುಗಳು, ಗೋದಾಮು ಎಲ್ಲ ಆಕೆಯ ತಲೆಗೆ ಬಂತು. ನಿಭಾಯಿಸಿದ್ದಷ್ಟೇ ಅಲ್ಲ, ಬೆಳೆಸಿದಳು. 1817ರಲ್ಲಿ ಆಸ್ಟ್ರೇಲಿಯಾದ ಮೊದಲ ಬ್ಯಾಂಕು ಶುರುವಾದದ್ದು ಆಕೆಯ ಮನೆಯನ್ನು ಬಾಡಿಗೆಗೆ ಹಿಡಿದು. ಲೇಸು ಕದ್ದ ಎಸ್ತರ್ ಏಬ್ರಹಾಮ್ಸ್ ಹಡಗಿನಲ್ಲಿ ಪರಿಚಯವಾದ ಸೈನ್ಯಾಧಿಕಾರಿ ಜಾರ್ಜ್ ಜಾನ್‌ಸ್ಟನ್ ಜೊತೆ ಬಾಳಿದಳು. 1808ರಲ್ಲಿ ಆತ ಗವರ್ನರ್ ಬ್ಲೈಯನ್ನು ಬಂಧಿಸಿ ಅಧಿಕಾರ ಹಿಡಿದಾಗ, ಕೆಲ ಕಾಲ ಆಕೆ ವಸಾಹತಿನ ಮುಖ್ಯಸ್ಥನ ಮನೆಯೊಡತಿ.

ಮೇರಿ ವೇಡ್ ಶ್ರೀಮಂತಳಾಗಲಿಲ್ಲ. ಆದರೆ 1859ರಲ್ಲಿ, 80 ದಾಟಿದ ಮೇಲೆ ತೀರಿಕೊಂಡಾಗ ಆಕೆಯ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ 300ಕ್ಕೂ ಹೆಚ್ಚು ಜನ ಇದ್ದರೆಂದು ಹೇಳುತ್ತಾರೆ. ಮಾಜಿ ಪ್ರಧಾನಿ ಕೆವಿನ್ ರಡ್ ಅದೇ ವಂಶದವರು. ಸರ್ಕಾರ ಹೆಂಗಸರನ್ನು ಏತಕ್ಕೆ ಕಳಿಸಿತೋ ಆ ಲೆಕ್ಕ ಈಕೆಯ ಮಟ್ಟಿಗಂತೂ ಸರಿಹೋಯಿತು.

ಒಪ್ಪದೆ ಓಡಿದವಳೂ ಒಬ್ಬಳಿದ್ದಾಳೆ. 1791ರ ಮಾರ್ಚ್ 28ರ ರಾತ್ರಿ ಮೇರಿ ಬ್ರಯಂಟ್, ಗಂಡ, ಇಬ್ಬರು ಎಳೆಮಕ್ಕಳು, ಇನ್ನೂ ಏಳು ಕೈದಿಗಳು ಗವರ್ನರನ ದೋಣಿ ಕದ್ದು ಸಮುದ್ರಕ್ಕೆ ಇಳಿದರು. ತೆರೆದ ದೋಣಿಯಲ್ಲಿ ಸುಮಾರು 5,000 ಕಿಲೋಮೀಟರ್ ಸಾಗಿ ತಿಮೋರ್ ದ್ವೀಪ ಸೇರಿದರು. ಅಲ್ಲಿ ಗುರುತು ಸಿಕ್ಕಿ ಸೆರೆಯಾದರು. ಇಂಗ್ಲೆಂಡಿಗೆ ಒಯ್ಯುವ ದಾರಿಯಲ್ಲಿ ಗಂಡ, ಮಕ್ಕಳು ಎಲ್ಲರೂ ಸತ್ತರು. ಲಂಡನ್ನಿನಲ್ಲಿ ಲೇಖಕ ಜೇಮ್ಸ್ ಬಾಸ್ವೆಲ್ ಆಕೆಯ ಪರವಾಗಿ ಓಡಾಡಿದ. 1793ರಲ್ಲಿ ಕ್ಷಮಾದಾನ ಸಿಕ್ಕಿತು.

ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು 1838ರಲ್ಲಿ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿತು. ನ್ಯೂ ಸೌತ್ ವೇಲ್ಸ್‌ಗೆ ಸಾಗಣೆ 1840ರಲ್ಲಿ ನಿಂತಿತು, ವ್ಯಾನ್ ಡೀಮನ್ಸ್ ಲ್ಯಾಂಡಿಗೆ 1853ರಲ್ಲಿ. ಆಮೇಲೂ 1868ರವರೆಗೆ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಕೈದಿಗಳು ಹೋದರು, ಆದರೆ ಅವರೆಲ್ಲ ಗಂಡಸರು.

ನಮ್ಮ ಕರಿನೀರು

ನಮಗೆ ‘ಕರಿನೀರಿನ ಶಿಕ್ಷೆ’ ಎಂದೊಡನೆ ಅಂಡಮಾನಿನ ಸೆಲ್ಯುಲಾರ್ ಜೈಲು ನೆನಪಾಗುತ್ತದೆ. ಆ ಜೈಲು ಪೂರ್ಣಗೊಂಡದ್ದು 1906ರಲ್ಲಿ. ಅಂಡಮಾನ್ ಕೈದಿ ವಸಾಹತು ಅದಕ್ಕಿಂತ ಅರ್ಧ ಶತಮಾನ ಹಳೆಯದು. 1857ರ ದಂಗೆಯ ನಂತರ, 1858ರ ಮಾರ್ಚಿನಲ್ಲಿ ಶುರುವಾಯಿತು. ಆಸ್ಟ್ರೇಲಿಯಾದಲ್ಲಿ ಪಳಗಿದ ಯೋಚನೆ ಇಲ್ಲಿಯೂ ಕಾಣುತ್ತದೆ. ಕೆಲ ವರ್ಷಗಳಲ್ಲೇ ಭಾರತದ ಜೈಲುಗಳಿಂದ ಮಹಿಳಾ ಕೈದಿಗಳನ್ನು ತಂದರು. ನಡತೆ ಸರಿಯಿದ್ದು ವ್ಯವಸಾಯ ಮಾಡಲು ಚೀಟಿ ಪಡೆದ ಗಂಡು ಕೈದಿ, ಅಧಿಕಾರಿಗಳ ಒಪ್ಪಿಗೆಯೊಂದಿಗೆ ಮಹಿಳಾ ಜೈಲಿನಿಂದ ಹೆಂಡತಿಯನ್ನು ಆರಿಸಿಕೊಳ್ಳಬಹುದಿತ್ತು.

ವ್ಯತ್ಯಾಸಗಳೂ ದೊಡ್ಡವು. ಇಂಗ್ಲೆಂಡಿನಿಂದ ಹೋದವರು ಬಹುಪಾಲು ಚಿಲ್ಲರೆ ಕಳ್ಳಿಯರು. ಅಂಡಮಾನಿಗೆ ಬಂದ ಹೆಂಗಸರಲ್ಲಿ ಹೆಚ್ಚಿನವರ ಮೇಲಿದ್ದದ್ದು ಕೊಲೆಯ ಆರೋಪ, ಅದರಲ್ಲೂ ಶಿಶುಹತ್ಯೆಯ ಪ್ರಕರಣಗಳು ಅನೇಕ. ಜಾತಿ, ಧರ್ಮ, ಭಾಷೆ ಬೇರೆಬೇರೆಯಾದವರ ನಡುವೆ ಮದುವೆಗಳಾದವು. ಹುಟ್ಟಿದ ಮಕ್ಕಳ ಸಮುದಾಯಕ್ಕೆ ಅಲ್ಲಿ ‘ಲೋಕಲ್ ಬಾರ್ನ್’ ಎಂದೇ ಹೆಸರು, ಅವರ ಮನೆಮಾತು ಹಿಂದೂಸ್ತಾನಿ. ನಮ್ಮ ದಂಡಸಂಹಿತೆಯಿಂದ ಸಮುದ್ರದಾಚೆಯ ಗಡೀಪಾರು ಶಿಕ್ಷೆಯನ್ನು ತೆಗೆದು ಜೀವಾವಧಿ ಸೆರೆವಾಸವೆಂದು ಬದಲಿಸಿದ್ದು 1955ರ ತಿದ್ದುಪಡಿ.

ನೋಡಬೇಕೆನಿಸಿದರೆ

ಕ್ಯಾಸ್ಕೇಡ್ಸ್ ಫ್ಯಾಕ್ಟರಿ 2010ರಿಂದ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಯಲ್ಲಿದೆ. ಹೋಬಾರ್ಟಿಗೆ ಪ್ರವಾಸ ಹೋದವರು ನೋಡಿಕೊಂಡು ಬರಬಹುದು. ಕಟ್ಟಡಗಳಿಗಿಂತ ಗೋಡೆ, ಅಂಗಳ, ತಳಪಾಯಗಳೇ ಹೆಚ್ಚು ಉಳಿದಿವೆ. ಮನೆಯಲ್ಲೇ ಕುಳಿತು ನೋಡುವವರಿಗೆ ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಯ ಮುದ್ರಿತ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹುಡುಕುವ ಪೆಟ್ಟಿಗೆಯಲ್ಲಿ ಮೇರಿ ವೇಡ್ ಎಂದು ಇಂಗ್ಲಿಷಿನಲ್ಲಿ ಬರೆದು 1789 ಎಂದು ಕೊಟ್ಟರೆ ಸಾಕ್ಷಿಗಳ ಹೇಳಿಕೆಯಿಂದ ತೀರ್ಪಿನವರೆಗೆ ಓದಬಹುದು. ಟಾಸ್ಮೇನಿಯಾ ಸರ್ಕಾರದ ದಾಖಲೆಗಳು ಇನ್ನೂ ವಿವರವಾಗಿವೆ. ಪ್ರತಿ ಕೈದಿಯ ಎತ್ತರ, ಕಣ್ಣಿನ ಬಣ್ಣ, ಕಸುಬು, ಮೈಮೇಲಿನ ಹಚ್ಚೆ, ಇಳಿದ ಮೇಲೆ ಮಾಡಿದ ಒಂದೊಂದು ತಪ್ಪಿಗೂ ಸಿಕ್ಕ ಶಿಕ್ಷೆ ಎಲ್ಲವನ್ನೂ ಗುಮಾಸ್ತರು ಬರೆದಿಟ್ಟಿದ್ದಾರೆ. ಕೈಬರಹ ಓದುವುದು ಸ್ವಲ್ಪ ಕಷ್ಟ.